ಹಳೆಯ ಕಂಪ್ಯೂಟರ್, ಹೊಸ ಕಂಪ್ಯೂಟರ್: ಇವೆರಡರ ನಡುವೆ ಫೈಲ್ ಸಾಗುವುದು ಹೇಗೆ?

ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಕಂಪ್ಯೂಟರೊಂದು ಅಟ್ಟದಿಂದ ಕೆಳಗಿಳಿಯುತ್ತದೆ. ಧೂಳು ಒರೆಸಿ ವಿದ್ಯುತ್ ಕೊಟ್ಟರೆ, ಆಶ್ಚರ್ಯ, ಅದು ಚಾಲೂ ಆಗುತ್ತದೆ. ಒಳಗೆ ಯಾವುದೋ ಕಾಲದ ಪತ್ರಗಳು, ಲೆಕ್ಕದ ಹಾಳೆಗಳು, ಅರ್ಧ ಬರೆದು ಬಿಟ್ಟ ಪ್ರೋಗ್ರಾಮುಗಳು. ಅವನ್ನು ಹೊಸ ಲ್ಯಾಪ್‌ಟಾಪಿಗೆ ತರಬೇಕು. ಪೆನ್‌ಡ್ರೈವ್ ಸಿಕ್ಕಿಸೋಣವೆಂದರೆ ಹಳೆಯದಕ್ಕೆ ಯುಎಸ್‌ಬಿ ಕಿಂಡಿಯೇ ಇಲ್ಲ. ಫ್ಲಾಪಿಗೆ ಬರೆಯೋಣವೆಂದರೆ ಲ್ಯಾಪ್‌ಟಾಪಿಗೆ ಫ್ಲಾಪಿ ಎಂದರೇನೆಂದೇ ಗೊತ್ತಿಲ್ಲ.

ಅಟ್ಟ ಹತ್ತದವರಿಗೂ ಈ ತೊಡಕು ಎದುರಾಗುತ್ತಿದೆ. ಸ್ಕ್ಯಾನರಿಗೋ ಯಾವುದೋ ಯಂತ್ರ ನಡೆಸುವ ಸಾಫ್ಟ್‌ವೇರಿಗೋ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರೊಂದನ್ನು ಉಳಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಪಕ್ಕದ ಕಂಪ್ಯೂಟರನ್ನು ಬದಲಿಸಿ ವಿಂಡೋಸ್ 11 ತಂದರೆ, ಅಲ್ಲಿಯವರೆಗೆ ತೆರೆಯುತ್ತಿದ್ದ ಹಂಚಿಕೆಯ ಫೋಲ್ಡರ್ ಒಮ್ಮೆಲೇ ಬಾಗಿಲು ಹಾಕಿಕೊಂಡಿರಬಹುದು. ಕೇಬಲ್ ಸರಿಯಿದೆ, ನೆಟ್‌ವರ್ಕ್ ಕಾರ್ಡಿನ ದೀಪ ಮಿನುಗುತ್ತಿದೆ, ಫೋಲ್ಡರ್ ಮಾತ್ರ ತೆರೆಯುವುದಿಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಕೇಬಲ್ಲನ್ನು ಬೈಯುತ್ತಾರೆ. ತಪ್ಪು ಇರುವುದು ಸಾಮಾನ್ಯವಾಗಿ ಅಲ್ಲಿಂದ ಎರಡು ಮೆಟ್ಟಿಲು ಮೇಲೆ.

ದನಿ ಕೇಳುವುದು ಬೇರೆ, ಮಾತು ತಿಳಿಯುವುದು ಬೇರೆ

ದೂರದ ಊರಿನ ಅಪರಿಚಿತರೊಬ್ಬರಿಗೆ ಫೋನ್ ಮಾಡಿದ್ದೀರಿ ಎಂದುಕೊಳ್ಳಿ. ಮೊದಲು ಲೈನ್ ಸಿಗಬೇಕು. ಸಿಕ್ಕಿದ ಲೈನು ಸರಿಯಾದ ಸಂಖ್ಯೆಯದ್ದಾಗಿರಬೇಕು. ಆಮೇಲೆ ಇಬ್ಬರಿಗೂ ಒಂದೇ ಭಾಷೆ ಬರಬೇಕು. ಇಷ್ಟಾದರೂ ‘ನೀವು ಯಾರು?’ ಎಂಬ ಪ್ರಶ್ನೆಗೆ ನೀವು ಕೊಡುವ ಉತ್ತರ ಆಚೆಯವರಿಗೆ ಒಪ್ಪಿಗೆಯಾಗಬೇಕು. ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ಕೆಲಸ ಆಗುವುದಿಲ್ಲ.

ಕಂಪ್ಯೂಟರುಗಳಲ್ಲಿಯೂ ಹಾಗೆಯೇ. ಲೈನ್ ಎಂದರೆ ಕೇಬಲ್ ಮತ್ತು ಕಾರ್ಡು. ಸಂಖ್ಯೆ ಎಂದರೆ ನೆಟ್‌ವರ್ಕ್ ವಿಳಾಸ. ಫೈಲ್ ಕೊಡು, ಫೈಲ್ ತೆಗೆದುಕೊ ಎಂದು ಕೇಳಿಕೊಳ್ಳುವ ಕ್ರಮಕ್ಕೆ ಪ್ರೋಟೋಕಾಲ್ ಎನ್ನುತ್ತಾರೆ, ಅದು ಭಾಷೆ. ಪಾಸ್‌ವರ್ಡನ್ನು ಒಪ್ಪಿಸುವ ವಿಧಾನ ಗುರುತಿನ ಪ್ರಶ್ನೆಗೆ ಉತ್ತರ. ಹಳೆಯ ಯಂತ್ರ ಕಲಿತ ಭಾಷೆ ಮತ್ತು ಗುರುತು ಹೇಳುವ ಬಗೆ ಎರಡನ್ನೂ ಹೊಸ ಯಂತ್ರ ಬೇಕೆಂದೇ ಮರೆತಿದೆ. ತೊಡಕಿನ ಬಹುಪಾಲು ಅಲ್ಲಿದೆ.

ಕೇಬಲ್: ಅಂದುಕೊಂಡಷ್ಟು ಕಷ್ಟವಿಲ್ಲ

ಮನೆ, ಕಚೇರಿಗಳಲ್ಲಿ ಕಾಣುವ ನೆಟ್‌ವರ್ಕ್ ಕೇಬಲ್ಲಿನ ಹಿಂದಿರುವ ತಂತ್ರಜ್ಞಾನದ ಹೆಸರು ಈಥರ್ನೆಟ್. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸಿದರು. ಇಂದಿಗೂ ಬಳಸುವ ಹೆಣೆದ ಜೋಡಿತಂತಿಯ ಕೇಬಲ್ ಮೇಲೆ ಸೆಕೆಂಡಿಗೆ 1 ಕೋಟಿ ಬಿಟ್, ಅಂದರೆ 10 ಮೆಗಾಬಿಟ್ ಸಾಗಿಸುವ ಮಾನಕ 1990ರಲ್ಲಿ ಬಂತು. ಆ ಕಾಲದ ಕಾರ್ಡನ್ನು ಇಂದಿನ ಸ್ವಿಚ್ಚಿಗೆ, ಅಂದರೆ ಹಲವು ಕಂಪ್ಯೂಟರುಗಳ ಕೇಬಲ್ಲುಗಳನ್ನು ಒಂದುಗೂಡಿಸುವ ಪೆಟ್ಟಿಗೆಗೆ, ಚುಚ್ಚಿದರೆ ಹೆಚ್ಚಾಗಿ ಕೆಲಸ ಮಾಡುತ್ತದೆ. ಎದುರಿನದು ಎಷ್ಟು ವೇಗ ತಾಳಬಲ್ಲದೆಂದು ತಿಳಿದು ಅದಕ್ಕೆ ತಕ್ಕಂತೆ ತಾನೂ ನಿಧಾನವಾಗುವ ಗುಣ ಹೊಸ ಉಪಕರಣಕ್ಕೆ ಇದೆ. ಮೊಮ್ಮಗ ಅಜ್ಜನ ಕೈಹಿಡಿದು ನಡೆಯುವಂತೆ.

ಎಚ್ಚರ ಬೇಕಾದ ಕಡೆ ಎರಡಿವೆ. ಸೆಕೆಂಡಿಗೆ 2.5 ಅಥವಾ 10 ಗಿಗಾಬಿಟ್ ವೇಗದ ಕೆಲವು ಕಿಂಡಿಗಳು 10 ಮೆಗಾಬಿಟ್‌ನಷ್ಟು ಕೆಳಗಿಳಿಯಲು ಒಪ್ಪುವುದಿಲ್ಲ. ನಡುವೆ ಸಾಧಾರಣ ಗಿಗಾಬಿಟ್ ಸ್ವಿಚ್ ಒಂದನ್ನು ಇಟ್ಟರೆ ಸಮಸ್ಯೆ ನೀಗುತ್ತದೆ. ಇನ್ನೂ ಹಳೆಯ ಕಾರ್ಡುಗಳಲ್ಲಿ ಟಿವಿ ಕೇಬಲ್ಲನ್ನು ಹೋಲುವ ದುಂಡನೆಯ ಕಿಂಡಿ ಮಾತ್ರ ಇರುತ್ತದೆ. ಅವಕ್ಕೆ ಎರಡೂ ಬಗೆಯ ಕಿಂಡಿಯಿರುವ ಹಳೆಯ ಹಬ್, ಅಂದರೆ ಸ್ವಿಚ್ಚಿನ ಹಿಂದಿನ ತಲೆಮಾರಿನ ಪೆಟ್ಟಿಗೆ, ಬೇಕು.

ವೈಫೈ ಆಸೆ ಬಿಡುವುದು ಒಳ್ಳೆಯದು. ಹಳೆಯ ವೈಫೈ ಕಾರ್ಡುಗಳಿಗೆ ಗೊತ್ತಿರುವ ರಕ್ಷಣೆ ವೆಪ್ ಒಂದೇ. ಸುಲಭವಾಗಿ ಮುರಿಯಬಹುದಾದ ಅದನ್ನು ಇಂದಿನ ರೂಟರುಗಳಲ್ಲಿ ನಂಬಿಕೊಳ್ಳುವಂತಿಲ್ಲ. ಅದಕ್ಕಾಗಿ ಮನೆಯ ಇಡೀ ವೈಫೈಯ ಬೀಗ ಸಡಿಲಿಸುವುದು ಕೊಡಲಿಯಿಂದ ಉಗುರು ಕತ್ತರಿಸಿದಂತೆ.

ವಿಳಾಸ: 1981ರ ಒಪ್ಪಂದ ಇನ್ನೂ ಜೀವಂತ

ಇಂದಿನ ಎಲ್ಲ ಕಂಪ್ಯೂಟರುಗಳೂ ಐಪಿ ಎಂಬ ವಿಳಾಸ ಪದ್ಧತಿಯನ್ನು ಬಳಸುತ್ತವೆ. ಅದರ ನಾಲ್ಕನೆಯ ಆವೃತ್ತಿಯ ನಿಯಮಗಳು ಪ್ರಕಟವಾದದ್ದು 1981ರಲ್ಲಿ. ಅದು ಇನ್ನೂ ಬಳಕೆಯಲ್ಲಿರುವುದು ನಮ್ಮ ಅದೃಷ್ಟ, ಏಕೆಂದರೆ ಎರಡೂ ತಲೆಮಾರಿಗೆ ಗಟ್ಟಿಯಾಗಿ ಸಿಗುವ ಸೇತುವೆ ಅದೇ.

ಹಳೆಯ ಯಂತ್ರಗಳು ಐಪಿಯೊಂದನ್ನೇ ನೆಚ್ಚಿಕೊಂಡಿರಲಿಲ್ಲ. ನೊವೆಲ್ ಕಂಪನಿಯ ಜಾಲಗಳಲ್ಲಿ ಐಪಿಎಕ್ಸ್, ವಿಂಡೋಸ್ ಜಾಲಗಳಲ್ಲಿ ನೆಟ್‌ಬ್ಯೂಯಿ, ಆಪಲ್ ಯಂತ್ರಗಳಲ್ಲಿ ಆಪಲ್‌ಟಾಕ್ ನಡೆಯುತ್ತಿದ್ದವು. ಹೊಸ ವಿಂಡೋಸ್‌ನಲ್ಲಿ ನೆಟ್‌ಬ್ಯೂಯಿ ಇಲ್ಲ. ಆಪಲ್ ತನ್ನದೇ ಆಪಲ್‌ಟಾಕನ್ನು 2009ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆದ್ದರಿಂದ ಹಳೆಯ ಯಂತ್ರಕ್ಕೆ ಮೊದಲು ಐಪಿ ಕಲಿಸಬೇಕು. ವಿಂಡೋಸ್ 95 ಮತ್ತು ನಂತರದವುಗಳಲ್ಲಿ ಅದು ಜೊತೆಗೇ ಬರುತ್ತದೆ. ವಿಂಡೋಸ್ 3.11ಕ್ಕೆ ಪ್ರತ್ಯೇಕವಾಗಿ ಹಾಕಬೇಕು. ವಿಂಡೋಸ್‌ಗೂ ಮೊದಲಿನ, ಆಜ್ಞೆಗಳನ್ನು ಟೈಪಿಸಿ ನಡೆಸುವ ಡಾಸ್‌ಗೆ ಎಂಟಿಸಿಪಿ ಎಂಬ ಉಚಿತ ಸಾಧನಗಳ ಕಟ್ಟು ಇದೆ. 1981ರ ಮೊದಲ ಐಬಿಎಂ ಪಿಸಿ ಮಾದರಿಯಲ್ಲೂ ನಡೆಯುವಷ್ಟು ಹಗುರ. ಜೊತೆಗೆ ಆ ಕಾರ್ಡಿಗೆ ಹೊಂದುವ ‘ಪ್ಯಾಕೆಟ್ ಡ್ರೈವರ್’ ಎಂಬ, ಕಾರ್ಡನ್ನು ನಡೆಸುವ ಸಣ್ಣ ಪ್ರೋಗ್ರಾಮು ಬೇಕು.

ವಿಳಾಸವನ್ನು ಕೈಯಾರೆ ಕೊಡುವುದೇ ಸುಲಭ. ಎರಡೇ ಯಂತ್ರಗಳಿದ್ದರೆ ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಜಾಗ ಖಾಲಿ ಇರಲಿ. ಅದು ಹೊರಜಗತ್ತಿಗೆ ಹೋಗುವ ಬಾಗಿಲು. ಇಲ್ಲಿ ಆ ಬಾಗಿಲು ಬೇಡ.

ಈಗ ಹಳೆಯದರಿಂದ ಹೊಸದಕ್ಕೆ ‘ಪಿಂಗ್’ ಕಳಿಸಿ ನೋಡಿ. ‘ಇದ್ದೀಯಾ?’ ಎಂದು ಕೂಗಿ ‘ಇದ್ದೇನೆ’ ಎಂಬ ಉತ್ತರಕ್ಕೆ ಕಾಯುವ ಸಣ್ಣ ಆಜ್ಞೆ ಅದು. ಉತ್ತರ ಬಂದರೆ ಕೇಬಲ್ ಮತ್ತು ವಿಳಾಸದ ಮೇಲಿನ ಅನುಮಾನ ಅಲ್ಲಿಗೆ ತೀರಿತು. ಬಾರದಿದ್ದರೆ ಕೂಡಲೇ ಕೈಚೆಲ್ಲಬೇಡಿ. ಹೊಸ ಯಂತ್ರದ ಫೈರ್‌ವಾಲ್, ಅಂದರೆ ಹೊರಗಿನ ಕರೆಗಳನ್ನು ತಡೆಯುವ ಕಾವಲುಗಾರ, ಕೇಳಿಸಿಕೊಂಡೂ ಸುಮ್ಮನಿರಬಹುದು. ಹೊಸದರಿಂದ ಹಳೆಯದಕ್ಕೆ ಕೂಗಿ ನೋಡಿ. ಹಳೆಯದಕ್ಕೆ ಅಂಥ ಬಿಗುಮಾನವಿಲ್ಲ.

ಹೊಸ ಯಂತ್ರ ಮುಖ ತಿರುಗಿಸುವುದೇಕೆ?

ವಿಂಡೋಸ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳುವಾಗ ನಡೆಯುವ ಮಾತುಕತೆಯ ಭಾಷೆ ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು, ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆಯಿತು. ವಿಂಡೋಸ್ 95ರಿಂದ ಎಕ್ಸ್‌ಪಿವರೆಗಿನ ಯಂತ್ರಗಳಿಗೆ ಅದರ ಮೊದಲ ಆವೃತ್ತಿ ಮಾತ್ರ ಗೊತ್ತು. ಎರಡನೆಯದು ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ಟಾದೊಂದಿಗೆ, ಮೂರನೆಯದು 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದವು.

ಮೊದಲ ಆವೃತ್ತಿ ಹುಟ್ಟಿದ್ದು ಒಂದೇ ಕೋಣೆಯ ಕಂಪ್ಯೂಟರುಗಳು ಪರಸ್ಪರ ನಂಬುತ್ತಿದ್ದ ಕಾಲದಲ್ಲಿ. ಅದರ ಬೆಲೆ ಏನೆಂದು 2017ರ ಮೇ ತಿಂಗಳಲ್ಲಿ ತಿಳಿಯಿತು. ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ವಿಂಡೋಸ್‌ನ ಎಸ್‌ಎಂಬಿ 1 ಭಾಗದ ದೋಷವೊಂದನ್ನು ಹಿಡಿದು, ಯಾರೂ ಏನನ್ನೂ ಒತ್ತದೆಯೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಹಬ್ಬಿತು. ಆಸ್ಪತ್ರೆಗಳ ಕೆಲಸವೂ ನಿಂತಿತು. ದೋಷಕ್ಕೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಅದೇ ವರ್ಷದ ಕೊನೆಯ ಭಾಗದಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು.

ಭಾಷೆಯ ಮೇಲೆ ಗುರುತಿನ ಜಗಳ ಬೇರೆ. ವಿಂಡೋಸ್ 95, 98 ಯಂತ್ರಗಳು ಪಾಸ್‌ವರ್ಡ್ ಒಪ್ಪಿಸಲು ಲ್ಯಾನ್ ಮ್ಯಾನೇಜರ್ ಎಂಬ ಹಳೆಯ ನೆಟ್‌ವರ್ಕ್ ತಂತ್ರಾಂಶದ ಕಾಲದ ಪದ್ಧತಿಯನ್ನು ಬಳಸುತ್ತವೆ. ಅದು ಪಾಸ್‌ವರ್ಡಿನ ಅಕ್ಷರಗಳನ್ನೆಲ್ಲ ದೊಡ್ಡಕ್ಷರಕ್ಕೆ ತಿರುಗಿಸಿ, 14 ಅಕ್ಷರಗಳನ್ನು ಏಳೇಳರ ಎರಡು ತುಂಡು ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ಸಂಕೇತಕ್ಕೆ ಇಳಿಸುತ್ತದೆ. ಕಳ್ಳನಿಗೆ ಹದಿನಾಲ್ಕು ಹಲ್ಲಿನ ಬೀಗ ಒಡೆಯುವ ಕೆಲಸವೇ ಇಲ್ಲ. ಏಳು ಹಲ್ಲಿನ ಎರಡು ಬೀಗ ಒಡೆದರಾಯಿತು. ಇಂದಿನ ಕಂಪ್ಯೂಟರಿಗೆ ಅದು ಆಟದ ಸಾಮಾನು.

ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನಷ್ಟು ಬಿಗಿ. ಪ್ರೊ ಮತ್ತು ಎಂಟರ್‌ಪ್ರೈಸ್ ಬಗೆಗಳಲ್ಲಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರಲೇಬೇಕೆಂಬುದು ಮೂಲ ನಿಯಮ, ಪಾಸ್‌ವರ್ಡ್ ಇಲ್ಲದ ‘ಅತಿಥಿ’ಯ ಪ್ರವೇಶಕ್ಕೂ ಬಾಗಿಲಿಲ್ಲ. ನಿನ್ನೆಯವರೆಗೆ ತೆರೆಯುತ್ತಿದ್ದ ಫೋಲ್ಡರ್ ಇಂದು ತೆರೆಯದಿರುವುದರ ಗುಟ್ಟು ಹೆಚ್ಚಾಗಿ ಇದೇ.

‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಎಸ್‌ಎಂಬಿ 1ನ್ನು ಮತ್ತೆ ಚಾಲೂ ಮಾಡುವ ಗುರುತು ಇನ್ನೂ ಇದೆ. ಸಾಕಷ್ಟು ಸಲಹೆಗಳು ಅಲ್ಲಿಗೇ ಕರೆದೊಯ್ಯುತ್ತವೆ. ಎಕ್ಸ್‌ಪಿಯ ಮಟ್ಟಿಗೆ ಅದು ಕೆಲವೊಮ್ಮೆ ಸಾಕಾಗಬಹುದು. ವಿಂಡೋಸ್ 98 ಆದರೆ ಭಾಷೆ ಕೂಡಿಬಂದರೂ ಪಾಸ್‌ವರ್ಡಿನ ಬಳಿ ಎಡವುತ್ತದೆ. ನಿತ್ಯ ಬ್ಯಾಂಕಿನ ವ್ಯವಹಾರ ನಡೆಸುವ ಲ್ಯಾಪ್‌ಟಾಪಿನಲ್ಲಿ ಈ ಹಳೆಯ ಬಾಗಿಲನ್ನು ತೆರೆಯುವುದು ನನಗಂತೂ ಒಪ್ಪಿಗೆಯಿಲ್ಲ, ಅದಕ್ಕಿಂತ ಸುಲಭದ ದಾರಿ ಇರುವಾಗ.

ಎಫ್‌ಟಿಪಿ: ಇಬ್ಬರಿಗೂ ಬರುವ ಹಳೆಯ ಭಾಷೆ

ಆ ದಾರಿಯ ಹೆಸರು ಎಫ್‌ಟಿಪಿ, ಫೈಲ್ ಸಾಗಿಸಲೆಂದೇ ಇರುವ ಪ್ರೋಟೋಕಾಲ್. 1971ರಲ್ಲಿ ಮೊದಲ ಕರಡು, 1985ರಲ್ಲಿ ಇಂದಿಗೂ ಆಧಾರವಾಗಿರುವ ನಿಯಮಾವಳಿ. ಡಾಸ್, ವಿಂಡೋಸ್, ಹಳೆಯ ಮ್ಯಾಕಿಂಟಾಷ್, ಯುನಿಕ್ಸ್, ಎಲ್ಲಕ್ಕೂ ಎಫ್‌ಟಿಪಿ ಸಾಧನಗಳು ಬಂದಿವೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ 2021ರಲ್ಲಿ ಇದನ್ನು ಕೈಬಿಟ್ಟವು ನಿಜ, ಆದರೆ ಫೈಲ್‌ಝಿಲ್ಲಾದಂಥ ಪ್ರತ್ಯೇಕ ಸಾಧನಗಳು ಹಾಗೆಯೇ ಇವೆ.

ಒಂದು ಯಂತ್ರ ಸರ್ವರ್ ಆಗಿ ಕೊಡಲು ಕೂರುತ್ತದೆ, ಇನ್ನೊಂದು ಕ್ಲೈಂಟ್ ಆಗಿ ಕೇಳಲು ಬರುತ್ತದೆ. ಯಾರನ್ನು ಎಲ್ಲಿ ಕೂರಿಸಬೇಕು? ವಿಂಡೋಸ್ 95, 98ರಲ್ಲಿ ಎಫ್‌ಟಿಪಿ ಕ್ಲೈಂಟ್ ಜೊತೆಗೇ ಬಂದಿರುವುದರಿಂದ ಹೊಸ ಯಂತ್ರವೇ ಸರ್ವರ್ ಆದರೆ ಹಳೆಯದಕ್ಕೆ ಏನನ್ನೂ ಹಾಕಬೇಕಾಗಿಲ್ಲ. ಡಾಸ್ ಯಂತ್ರವಾದರೆ ಎಂಟಿಸಿಪಿಯ ಎಫ್‌ಟಿಪಿ ಸರ್ವರನ್ನು ಅಲ್ಲಿ ನಡೆಸಿ, ಹೊಸದರಿಂದ ಮೌಸ್ ಹಿಡಿದು ಫೈಲುಗಳನ್ನು ಎಳೆದುಕೊಳ್ಳುವುದು ಸುಖ.

ಎಫ್‌ಟಿಪಿಯಲ್ಲಿ ಎರಡು ಗುಂಡಿಗಳಿವೆ. ಬಹುತೇಕ ಎಲ್ಲರೂ ಅವುಗಳಲ್ಲಿ ಒಮ್ಮೆ ಬೀಳುತ್ತಾರೆ. ಮೊದಲನೆಯದು: ಎಫ್‌ಟಿಪಿ ಒಂದರ ಬದಲು ಎರಡು ಸಂಪರ್ಕಗಳನ್ನು ಬಳಸುತ್ತದೆ, ಆಜ್ಞೆಗೆ ಒಂದು, ಫೈಲಿಗೆ ಇನ್ನೊಂದು. ‘ಆ್ಯಕ್ಟಿವ್’ ರೀತಿಯಲ್ಲಿ ಕ್ಲೈಂಟ್ ಫೈಲ್ ಕೇಳಿದ ಮೇಲೆ ಸರ್ವರ್ ತಾನಾಗಿ ಕ್ಲೈಂಟಿಗೆ ವಾಪಸ್ ಕರೆಮಾಡುತ್ತದೆ. ಕ್ಲೈಂಟಿನ ಫೈರ್‌ವಾಲ್ ಆ ಕರೆಯನ್ನು ಅಪರಿಚಿತರದ್ದೆಂದು ಕಡಿದುಹಾಕಬಹುದು. ಲಾಗಿನ್ ಆಗುತ್ತದೆ, ಫೈಲುಗಳ ಪಟ್ಟಿ ಮಾತ್ರ ಬರುವುದಿಲ್ಲ ಎಂಬ ದೂರಿನ ಮೂಲ ಇದೇ. ‘ಪ್ಯಾಸಿವ್’ ರೀತಿಯಲ್ಲಿ ಎರಡೂ ಕರೆಗಳನ್ನು ಕ್ಲೈಂಟೇ ಮಾಡುತ್ತದೆ, ಫೈರ್‌ವಾಲಿನ ತಕರಾರು ಸರ್ವರ್ ಕಡೆಗೆ ಹೊರಳುತ್ತದೆ. ಒಂದು ನಡೆಯದಿದ್ದರೆ ಇನ್ನೊಂದಕ್ಕೆ ಬದಲಿಸಿ ನೋಡಿ.

ಇನ್ನೊಂದು ಗುಂಡಿ ಇದಕ್ಕಿಂತ ಮೋಸದ್ದು. ಎಫ್‌ಟಿಪಿ ಫೈಲನ್ನು ‘ಪಠ್ಯ’ ಎಂದೂ ಸಾಗಿಸಬಲ್ಲದು, ‘ಬೈನರಿ’ ಎಂದೂ ಸಾಗಿಸಬಲ್ಲದು. ಪಠ್ಯವೆಂದುಕೊಂಡರೆ ಸಾಲಿನ ಕೊನೆಯ ಗುರುತುಗಳನ್ನು ಆಯಾ ಯಂತ್ರಕ್ಕೆ ಹೊಂದುವಂತೆ ಬದಲಿಸುತ್ತದೆ. ಚಿತ್ರಕ್ಕೋ ಪ್ರೋಗ್ರಾಮಿಗೋ ಈ ಉಪಕಾರ ಮಾಡಿದರೆ ಫೈಲ್ ಹಾಳು. ದೋಷದ ಸಂದೇಶವೇ ಬರುವುದಿಲ್ಲ, ತೆರೆಯಲು ಹೋದಾಗ ತಿಳಿಯುತ್ತದೆ. ಆಜ್ಞೆಯ ಸಾಲಿನ ಹಳೆಯ ಕ್ಲೈಂಟುಗಳು ಸಾಮಾನ್ಯವಾಗಿ ಪಠ್ಯದಲ್ಲೇ ಶುರುವಾಗುತ್ತವೆ. ಲಾಗಿನ್ ಆದೊಡನೆ ‘ಬೈನರಿ’ ಎಂದು ಟೈಪಿಸುವುದನ್ನು ರೂಢಿ ಮಾಡಿಕೊಳ್ಳಿ.

ದುಭಾಷಿಯನ್ನು ನಡುವೆ ಕೂರಿಸುವುದು

ಒಮ್ಮೆ ಸಾಗಿಸಿ ಮುಗಿಸುವ ಕೆಲಸಕ್ಕೆ ಎಫ್‌ಟಿಪಿ ಸಾಕು. ದಿನವೂ ಫೈಲ್ ಹೋಗಿ ಬರಬೇಕಾದರೆ, ಹಳೆಯ ಯಂತ್ರದಲ್ಲಿ ಅದು ಒಂದು ಡ್ರೈವ್‌ನಂತೆ ಕಾಣಬೇಕಾದರೆ, ಮೂರನೆಯ ಯಂತ್ರವೊಂದನ್ನು ದುಭಾಷಿಯಾಗಿ ಇಡುವುದು ಲೇಸು. ರಾಸ್ಪ್‌ಬೆರಿ ಪೈನಂಥ ಅಂಗೈ ಅಗಲದ ಕಂಪ್ಯೂಟರ್ ಸಾಕು.

ಅದರಲ್ಲಿ ಸಾಂಬಾ ಎಂಬ ತಂತ್ರಾಂಶ ನಡೆಯುತ್ತದೆ. ಆಂಡ್ರ್ಯೂ ಟ್ರಿಜೆಲ್ ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗ 1990ರ ದಶಕದ ಆರಂಭದಲ್ಲಿ ಶುರುಮಾಡಿದ ಈ ಯೋಜನೆ ವಿಂಡೋಸೇತರ ಯಂತ್ರಗಳಿಗೆ ಎಸ್‌ಎಂಬಿ ಕಲಿಸುತ್ತದೆ. ಇದರ ಚೆಂದವೆಂದರೆ ಒಂದೇ ಫೋಲ್ಡರನ್ನು ಹಳೆಯವರಿಗೆ ಮೊದಲ ಆವೃತ್ತಿಯಲ್ಲೂ ಹೊಸಬರಿಗೆ ಮೂರನೆಯದರಲ್ಲೂ ಏಕಕಾಲಕ್ಕೆ ಬಡಿಸಬಲ್ಲದು. ಸಾಂಬಾ ಕೂಡ 2019ರ 4.11ನೇ ಆವೃತ್ತಿಯಿಂದ ಮೊದಲ ಆವೃತ್ತಿಯನ್ನು ತಾನಾಗಿ ಮಾತನಾಡುವುದಿಲ್ಲ. ಅದರ ಸಂರಚನೆಯ ಫೈಲಿನಲ್ಲಿ ಕನಿಷ್ಠ ಪ್ರೋಟೋಕಾಲನ್ನು ‘ಎನ್‌ಟಿ1’ಕ್ಕೆ, ಅಂದರೆ ಆ ಮೊದಲ ಆವೃತ್ತಿಗೆ, ಇಳಿಸಬೇಕು. ವಿಂಡೋಸ್ 98ಕ್ಕಾದರೆ ಲ್ಯಾನ್‌ಮ್ಯಾನ್ (ಲ್ಯಾನ್ ಮ್ಯಾನೇಜರ್ ಪದ್ಧತಿಯ) ದೃಢೀಕರಣಕ್ಕೂ ಒಪ್ಪಿಗೆ ಕೊಡಬೇಕು. ಅಪಾಯದ ಸಡಿಲಿಕೆಯೆಲ್ಲ ಆ ಸಣ್ಣ ಡಬ್ಬಿಯೊಳಗೇ ಉಳಿಯುತ್ತದೆ, ನಿಮ್ಮ ಲ್ಯಾಪ್‌ಟಾಪಿಗೆ ಸೋಕುವುದಿಲ್ಲ.

ಹಳೆಯ ಮ್ಯಾಕಿಂಟಾಷ್‌ಗಳಿಗೆ ಇದೇ ಕೆಲಸವನ್ನು ನೆಟ್‌ಎಟಾಕ್ ಎಂಬ ತಂತ್ರಾಂಶ ಮಾಡುತ್ತದೆ. ನಡುವೆ ಕೈಬಿಟ್ಟಿದ್ದ ಆಪಲ್‌ಟಾಕನ್ನು ಅದರ 4ನೇ ಆವೃತ್ತಿ 2024ರಲ್ಲಿ ಮರಳಿ ತಂದಿತು.

ನೆಟ್‌ವರ್ಕ್ ಕಾರ್ಡೇ ಇಲ್ಲದಿದ್ದರೆ

1980ರ ದಶಕದ ಬಹಳಷ್ಟು ಯಂತ್ರಗಳಲ್ಲಿ ಈಥರ್ನೆಟ್ ಇಲ್ಲ, ಸೀರಿಯಲ್ ಪೋರ್ಟ್ ಇದೆ. 9 ಅಥವಾ 25 ಸೂಜಿಗಳ ಆ ಕಿಂಡಿಯ ಮಾನಕ, ಆರ್‌ಎಸ್-232, ಬಂದದ್ದು 1960ರಲ್ಲಿ. ಬಿಟ್‌ಗಳು ಒಂದರ ಹಿಂದೊಂದು ಇರುವೆ ಸಾಲಿನಂತೆ ಸಾಗುತ್ತವೆ. ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ತಿರುಗಿಸುವ ಅಡಾಪ್ಟರ್ ಬೇಕು, ನಡುವೆ ‘ನಲ್ ಮೋಡೆಮ್’ ಕೇಬಲ್ ಬೇಕು. ಸಾದಾ ಕೇಬಲ್ಲಿನಲ್ಲಿ ಇಬ್ಬರ ಬಾಯಿಯೂ ಒಂದೇ ತಂತಿಗೆ, ಇಬ್ಬರ ಕಿವಿಯೂ ಇನ್ನೊಂದಕ್ಕೆ ಸೇರಿಬಿಡುತ್ತದೆ. ನಲ್ ಮೋಡೆಮ್ ಕೇಬಲ್ ಒಳಗೆ ತಂತಿಗಳನ್ನು ಅಡ್ಡಹಾಯಿಸಿ ಒಬ್ಬನ ಬಾಯಿಯನ್ನು ಇನ್ನೊಬ್ಬನ ಕಿವಿಗೆ ಜೋಡಿಸುತ್ತದೆ.

ಅಡಾಪ್ಟರ್ ಆರಿಸುವಾಗ ಜೋಪಾನ. ಆರ್‌ಎಸ್-232 ಬಳಸುವುದು ಧನ, ಋಣ ಎರಡೂ ಕಡೆ 15 ವೋಲ್ಟ್‌ವರೆಗೆ. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ 3.3 ಅಥವಾ 5 ವೋಲ್ಟ್‌ನ ಅಡಾಪ್ಟರುಗಳನ್ನೂ ಜನ ‘ಯುಎಸ್‌ಬಿ ಸೀರಿಯಲ್’ ಎಂದೇ ಕರೆಯುತ್ತಾರೆ. ಅದನ್ನು ಇಲ್ಲಿ ಸಿಕ್ಕಿಸಿದರೆ ಸುಟ್ಟುಹೋಗಬಹುದು.

ವೇಗದ ಲೆಕ್ಕ ಸರಳ. ಪ್ರತಿ ಬೈಟ್‌ನ 8 ಬಿಟ್‌ಗಳ ಹಿಂದೆ ಮುಂದೆ ಒಂದೊಂದು ಗುರುತಿನ ಬಿಟ್ ಸೇರಿ 10 ಆಗುತ್ತದೆ. ಸೆಕೆಂಡಿಗೆ 9,600 ಬಿಟ್ ಎಂದರೆ 960 ಬೈಟ್. ಫ್ಲಾಪಿಯೊಂದರ 14,74,560 ಬೈಟ್ ಸಾಗಲು 1,536 ಸೆಕೆಂಡು, ಅಂದರೆ 25 ನಿಮಿಷದ ಮೇಲೆ. 1,15,200ರ ವೇಗದಲ್ಲಾದರೆ 128 ಸೆಕೆಂಡು. ಹಾಗಾದರೆ ಯಾವಾಗಲೂ ಅದೇ ವೇಗ ಇಡಬಾರದೇಕೆ? ಹಳೆಯ ಸೀರಿಯಲ್ ಚಿಪ್ 8250ರಲ್ಲಿ ಬಂದ ಬೈಟ್ ಇಡಲು ಒಂದೇ ಜಾಗ. ನಲ್ಲಿಯ ಕೆಳಗೆ ಲೋಟ ಹಿಡಿದಂತೆ. ಪ್ರೊಸೆಸರ್ ಬಂದು ಖಾಲಿ ಮಾಡುವ ಮೊದಲೇ ಮುಂದಿನದು ಬಂದರೆ ಚೆಲ್ಲಿಹೋಗುತ್ತದೆ. ಮುಂದೆ ಬಂದ 16550ಎ ಚಿಪ್ ಲೋಟದ ಬದಲು 16 ಬೈಟ್‌ಗಳ ಬಕೆಟ್ ಇಟ್ಟಿತು. ಹಳೆಯ ಚಿಪ್ ಇದ್ದರೆ 9,600ರಿಂದ ಶುರುಮಾಡಿ ಮೇಲೆ ಏರುವುದು ಜಾಣತನ.

ಚೆಲ್ಲಿದ್ದನ್ನು ಪತ್ತೆಹಚ್ಚಲು ಇಲ್ಲಿಯೂ ಪ್ರೋಟೋಕಾಲ್‌ಗಳಿವೆ. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸೆನ್ ಬರೆದ ಎಕ್ಸ್‌ಮೋಡೆಮ್ ಫೈಲನ್ನು 128 ಬೈಟ್‌ಗಳ ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಲೆಕ್ಕದ ಚೀಟಿ ಅಂಟಿಸುತ್ತದೆ; ಚೀಟಿ ತಾಳೆಯಾಗದಿದ್ದರೆ ಆಚೆಯವನು ಮತ್ತೊಮ್ಮೆ ಕೇಳುತ್ತಾನೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿದ ಕರ್ಮಿಟ್, ನಂತರ ಬಂದ ಝಡ್‌ಮೋಡೆಮ್ ಇದೇ ಕುಲದವು. ಹೊಸ ಯಂತ್ರದಲ್ಲಿ ಟೆರಾ ಟರ್ಮ್ ಎಂಬ ತಂತ್ರಾಂಶ ಈ ಮೂರನ್ನೂ ಬಲ್ಲದು.

ಆದರೆ ಒಂದು ತಮಾಷೆಯ ಬಿಕ್ಕಟ್ಟಿದೆ. ಫೈಲ್ ಪಡೆಯಲು ಹಳೆಯ ಯಂತ್ರದಲ್ಲಿ ಪ್ರೋಗ್ರಾಮ್ ಬೇಕು, ಆ ಪ್ರೋಗ್ರಾಮೇ ಒಂದು ಫೈಲು. ಹುಚ್ಚು ಬಿಟ್ಟಲ್ಲದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಎಂಎಸ್-ಡಾಸ್ 6 ಇದಕ್ಕೊಂದು ಸೊಗಸಾದ ಉಪಾಯ ಮಾಡಿತ್ತು: ಖಾಲಿ ಯಂತ್ರದಲ್ಲಿ ಎರಡು ಆಜ್ಞೆ ಟೈಪಿಸಿ ಕೀಬೋರ್ಡಿನ ಅಧಿಕಾರವನ್ನೇ ಸೀರಿಯಲ್ ಕಿಂಡಿಗೆ ಒಪ್ಪಿಸಿದರೆ, ಆಚೆಯ ಡಾಸ್ ಯಂತ್ರ ತಂತಿಯ ಮೂಲಕವೇ ತನ್ನ ಪ್ರೋಗ್ರಾಮನ್ನು ಇದರೊಳಗೆ ಇಳಿಸುತ್ತಿತ್ತು. ನಮಗೆ ಅಷ್ಟು ಸಾಹಸ ಬೇಕಾಗುವುದು ಅಪರೂಪ. ವಿಂಡೋಸ್ 3.1ರ ‘ಟರ್ಮಿನಲ್’ನಲ್ಲಿ ಎಕ್ಸ್‌ಮೋಡೆಮ್ ಮತ್ತು ಕರ್ಮಿಟ್, 95ರಿಂದ ಎಕ್ಸ್‌ಪಿವರೆಗಿನ ‘ಹೈಪರ್‌ಟರ್ಮಿನಲ್’ನಲ್ಲಿ ಝಡ್‌ಮೋಡೆಮ್ ಆಗಲೇ ಕುಳಿತಿವೆ. ಹುಡುಕಾಟಕ್ಕೆ ಹೊರಡುವ ಮೊದಲು ಮೆನುವಿನಲ್ಲಿ ಕಣ್ಣಾಡಿಸಿ.

ಅಂತರ್ಜಾಲಕ್ಕೆ ಬೇಲಿ

ಹಳೆಯ ಯಂತ್ರಕ್ಕೆ ಭದ್ರತಾ ತೇಪೆಗಳು ಬರುವುದು ನಿಂತು ಎಷ್ಟೋ ವರ್ಷವಾಗಿದೆ. ಅದನ್ನು ಮನೆಯ ರೂಟರಿಗೆ ಜೋಡಿಸದೆ, ಹೊಸ ಯಂತ್ರಕ್ಕೋ ದುಭಾಷಿಗೋ ಮಾತ್ರ ನೇರ ಕೇಬಲ್ ಹಾಕಿ. ಎಫ್‌ಟಿಪಿ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ತಂತಿಯ ಮೇಲೆ ಕಳಿಸುವುದರಿಂದ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. ಕೆಲಸ ಮುಗಿದ ಮೇಲೆ ಸರ್ವರ್ ನಿಲ್ಲಿಸಿ. ಹಳೆಯ ಡಿಸ್ಕಿನಲ್ಲಿ ಆ ಕಾಲದ ವೈರಸ್ ಮಲಗಿರುವುದು ಅಪರೂಪವೇನಲ್ಲ, ಬಂದ ಫೈಲುಗಳನ್ನು ತೆರೆಯುವ ಮುನ್ನ ಒಮ್ಮೆ ತಪಾಸಣೆ ಆಗಲಿ.

ಬಂದ ಫೈಲ್ ತೆರೆಯದಿದ್ದರೆ

ಡಾಸ್ ಹೆಸರಿಗೆ ಕೊಡುವ ಜಾಗ ಎಂಟು ಅಕ್ಷರ, ಚುಕ್ಕಿ, ಆಮೇಲೆ ಮೂರು ಅಕ್ಷರ. ಉದ್ದ ಹೆಸರಿನ ಫೈಲುಗಳನ್ನು ಅತ್ತ ಕಳಿಸಿದರೆ ಹೆಸರು ತುಂಡಾಗುತ್ತದೆ. ಹಳೆಯ ಮ್ಯಾಕಿಂಟಾಷ್‌ನಲ್ಲಿ ಕಷ್ಟ ಇನ್ನೊಂದು ಬಗೆಯದು: ಅಲ್ಲಿ ಒಂದು ಫೈಲಿಗೆ ಎರಡು ಕವಲು ಇರಬಹುದು, ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ಚಿಹ್ನೆ, ಅಕ್ಷರಶೈಲಿಯಂಥ ಸಂಪನ್ಮೂಲ. ಸಾದಾ ನಕಲಿನಲ್ಲಿ ಎರಡನೆಯದು ಉದುರಿಹೋಗುತ್ತದೆ, ಪ್ರೋಗ್ರಾಮುಗಳಾದರೆ ಏಳುವುದೇ ಇಲ್ಲ. ಮ್ಯಾಕ್‌ಬೈನರಿ ಅಥವಾ ಬಿನ್‌ಹೆಕ್ಸ್ ರೂಪಕ್ಕೆ ತಿರುಗಿಸಿದರೆ ಎರಡೂ ಕವಲು ಒಂದೇ ಪೊಟ್ಟಣದಲ್ಲಿ ಸಾಗುತ್ತವೆ. ಡಾಸ್ ಮತ್ತು ವಿಂಡೋಸ್‌ನಲ್ಲಿ ಝಿಪ್ ಮಾಡಿ ಕಳಿಸುವುದು ಒಳ್ಳೆಯ ಅಭ್ಯಾಸ. ದಾರಿಯಲ್ಲಿ ಕೆಟ್ಟಿದ್ದರೆ ಬಿಚ್ಚುವಾಗಲೇ ತಿಳಿಯುತ್ತದೆ.

ಫೈಲ್ ಪೂರ್ತಿ ಬಂದೂ ಓದಲಾಗದಿದ್ದರೆ ತಪ್ಪು ಸಾಗಣೆಯದ್ದಲ್ಲ. ವರ್ಡ್‌ಸ್ಟಾರ್‌ನ ಹಳೆಯ ಆವೃತ್ತಿಗಳು ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ತಮ್ಮದೇ ಗುರುತಿಗೆ ಬಳಸುತ್ತಿದ್ದವು. ಅಂಥ ಪತ್ರವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಪ್ರತಿ ಪದದ ಬಾಲದಲ್ಲೂ ವಿಚಿತ್ರ ಅಕ್ಷರವೊಂದು ಕಾಣುತ್ತದೆ, ಉಳಿದದ್ದು ಓದುವಂತೆಯೇ ಇರುತ್ತದೆ. ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್ ಮತ್ತು ಹಳೆಯ ಮ್ಯಾಕಿಂಟಾಷ್‌ನ ಹಲವು ದಾಖಲೆಗಳನ್ನು ಲಿಬ್ರೆಆಫೀಸ್ ನೇರವಾಗಿ ತೆರೆಯುತ್ತದೆ. ತೆರೆದದ್ದನ್ನು ಹೊಸ ರೂಪದಲ್ಲಿ ಉಳಿಸಿಕೊಳ್ಳಿ, ಹಳೆಯ ರೂಪದ ಮೂಲಪ್ರತಿಯನ್ನೂ ಪಕ್ಕದಲ್ಲೇ ಇಟ್ಟಿರಿ.